ಬ್ರಿಟ್ಟನಿಯ ಯಾವ ಬೀಚಿಗೆ ಹೋಗೋದು? ಮೊದಲು ತಿಥಿ ನೋಡಿ

ಫ್ರಾನ್ಸಿನ ಬ್ರಿಟ್ಟನಿಯಲ್ಲಿ, ಸೆಂ ಮಾಲೋ ಊರಿನ ಕೋಟೆ ಗೋಡೆಯ ಮೇಲೆ ಅಮ್ಮ ನಿಂತಿದ್ದಳು. ಬೆಳಿಗ್ಗೆ ಒಂಬತ್ತು ಗಂಟೆ. ಸಮುದ್ರ ಗೋಡೆಯ ಬುಡಕ್ಕೇ ಬಂದು ಬಡಿಯುತ್ತಿತ್ತು. ಸ್ವಲ್ಪ ದೂರದಲ್ಲಿ ನೀರಿನ ನಡುವೆ ಒಂದು ಕಾಂಕ್ರೀಟ್ ಅಟ್ಟಣಿಗೆ, ಸುತ್ತ ಏನೂ ಇಲ್ಲ.

"ಅದೆಂತದೇ? ನೀರೊಳಗೆ ಹೋಗಿ ಯಾರು ಕಟ್ಟಿದ್ದು?" ಅಂದಳು.

"ಮಧ್ಯಾಹ್ನ ಬಾ, ತೋರಿಸ್ತೀನಿ" ಅಂದೆ.

ಊರು ಸುತ್ತಿ, ಊಟ ಮುಗಿಸಿ, ಮೂರೂವರೆಗೆ ಅದೇ ಜಾಗಕ್ಕೆ ಬಂದೆವು. ಸಮುದ್ರ ಇರಲಿಲ್ಲ. ಎಲ್ಲಿ ಅಲೆ ಬಡಿಯುತ್ತಿತ್ತೋ ಅಲ್ಲಿ ಮಕ್ಕಳು ಮರಳಲ್ಲಿ ಗುಂಡಿ ತೋಡುತ್ತಿದ್ದರು. ಅಟ್ಟಣಿಗೆಯ ಕೆಳಗೆ ಒಂದು ಈಜುಕೊಳ ಎದ್ದು ಬಂದಿತ್ತು. ಬೆಳಿಗ್ಗೆ ಕಂಡ ಅಟ್ಟಣಿಗೆ ಆ ಕೊಳಕ್ಕೆ ಹಾರುವ ಕಟ್ಟೆ. ಅದರಾಚೆ ಗ್ರಾಂ ಬೇ ಎಂಬ ದ್ವೀಪಕ್ಕೆ ಜನ ನಡೆದುಕೊಂಡೇ ಹೋಗುತ್ತಿದ್ದರು. ಅಮ್ಮ ಐದು ನಿಮಿಷ ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ: "ಇವತ್ತು ತಿಥಿ ಯಾವುದು?"

ಫೋನಿನಲ್ಲಿ ನೋಡಿದೆ. ಬಹುಳ ಬಿದಿಗೆ. ಹುಣ್ಣಿಮೆ ಕಳೆದು ಎರಡನೇ ದಿನ.

"ಹಂಗಾದ್ರೆ ಸರಿ" ಅಂದಳು, ಎಲ್ಲ ಅರ್ಥವಾದವಳ ಹಾಗೆ.

ಬ್ರಿಟ್ಟನಿಯ ರೆನ್ ಊರಿನಲ್ಲಿದ್ದ ವರ್ಷಗಳಲ್ಲಿ ನನ್ನನ್ನು ಕೇಳದ ಗೆಳೆಯರಿಲ್ಲ: "ಬ್ರಿಟ್ಟನಿಗೆ ಬರ್ತಾ ಇದೀವಿ, ಯಾವ ಬೀಚ್ ಚೆಂದ?" ಫ್ರಾನ್ಸಿನ ಪಡುವಣ ತುದಿಯಲ್ಲಿ ಮೂಗಿನ ಹಾಗೆ ಅಟ್ಲಾಂಟಿಕ್‌ಗೆ ಚಾಚಿಕೊಂಡ ನಾಡು ಇದು. ಬ್ರಿಟನ್ ಬೇರೆ, ಇದು ಬೇರೆ. ಮೂರು ಕಡೆ ಸಮುದ್ರ, ತೀರದುದ್ದಕ್ಕೂ ಹಿಂದೆ ಸುಂಕದವರು ಕಳ್ಳಸಾಗಣೆ ಹಿಡಿಯಲು ಗಸ್ತು ತಿರುಗುತ್ತಿದ್ದ ಕಾಲುದಾರಿ. ಆ ದಾರಿಗೆ ಈಗ ಜಿಆರ್ 34 ಎಂದು ಹೆಸರು, ಉದ್ದ ಸುಮಾರು 2,000 ಕಿ.ಮೀ. ಅಷ್ಟು ಉದ್ದದಲ್ಲಿ ಚೆಂದದ ತೀರಗಳಿಗೆ ಬರವಿಲ್ಲ. ಆದರೆ ಅದೇ ತೀರಕ್ಕೆ ತಪ್ಪು ಹೊತ್ತಿನಲ್ಲಿ ಹೋದರೆ ಒಂದೋ ಮರಳಿಲ್ಲ, ಇಲ್ಲವೇ ನೀರಿಲ್ಲ. ಅದಕ್ಕೇ ಈಗ ನಾನು ಯಾರು ಕೇಳಿದರೂ ಮೊದಲು ಮೂರು ಪ್ರಶ್ನೆ ತಿರುಗಿ ಕೇಳುತ್ತೇನೆ. ಯಾವ ತಿಥಿ? ಗಾಳಿ ಯಾವ ಕಡೆಯಿಂದ? ಜೊತೆಗೆ ಯಾರಿದ್ದಾರೆ?

ಕ್ಯಾಲೆಂಡರ್ ತೆಗೆಯಿರಿ

ನಮ್ಮ ಕರಾವಳಿಯಲ್ಲಿ ಉಬ್ಬರ ಇಳಿತದ ನಡುವಿನ ವ್ಯತ್ಯಾಸ ಎರಡು ಮೀಟರ್ ಒಳಗೇ. ಸೆಂ ಮಾಲೋದಲ್ಲಿ ದೊಡ್ಡ ಉಬ್ಬರದ ದಿನ ಅದು 12 ಮೀಟರ್ ದಾಟುತ್ತದೆ. ನಾಲ್ಕು ಅಂತಸ್ತಿನ ಮನೆಯಷ್ಟು ಎತ್ತರ ನೀರು ಆರು ತಾಸಿನಲ್ಲಿ ಏರಿ, ಇನ್ನಾರು ತಾಸಿನಲ್ಲಿ ಇಳಿಯುತ್ತದೆ. ಒಂದೇ ವೇಗದಲ್ಲಿ ಏರುವುದೂ ಇಲ್ಲ. ಮೊದಲ ತಾಸು ನಿಧಾನ, ಮೂರನೇ ನಾಲ್ಕನೇ ತಾಸಿನಲ್ಲಿ ರಭಸ. ಮೀನುಗಾರರ ಲೆಕ್ಕದಲ್ಲಿ ಒಟ್ಟು ಏರಿಕೆಯ ಅರ್ಧ ಈ ನಡುವಿನ ಎರಡು ತಾಸಿನಲ್ಲೇ. ಅಂದರೆ ತಾಸಿಗೆ ಮೂರು ಮೀಟರ್, ನಿಮಿಷಕ್ಕೆ ಐದು ಸೆಂಟಿಮೀಟರ್. ಮರಳು ಚಪ್ಪಟೆಯಾಗಿದ್ದರೆ ನೀರು ನಿಮ್ಮ ಟವೆಲ್ ಕಡೆಗೆ ನಡೆದುಕೊಂಡು ಬರುತ್ತದೆ. ಉತ್ಪ್ರೇಕ್ಷೆ ಅಲ್ಲ, ನೋಡುತ್ತಾ ಕೂರಬಹುದು.

ಇದನ್ನು ಅಳೆಯಲು ಫ್ರೆಂಚರು ಒಂದು ಅಂಕಿ ಇಟ್ಟುಕೊಂಡಿದ್ದಾರೆ, ಕೊಯೆಫಿಸಿಯಾಂ ಎಂದು. 20ರಿಂದ 120ರವರೆಗೆ. 70 ಅಂದರೆ ಸಾಧಾರಣ ದಿನ. 95 ದಾಟಿದರೆ ದೊಡ್ಡ ಉಬ್ಬರ. ಊರಿನ ಪ್ರವಾಸಿ ಕಚೇರಿಯಲ್ಲಿ, ಬೇಕರಿಯಲ್ಲಿ, ಬೀಚಿನ ಫಲಕದಲ್ಲಿ ಎಲ್ಲ ಕಡೆ ಈ ಪಟ್ಟಿ ಸಿಗುತ್ತದೆ.

ಪಟ್ಟಿಯಲ್ಲಿ ಒಂದು ಗುಂಡಿ ಇದೆ, ನಾನು ಬಿದ್ದಿದ್ದೇನೆ. 'ಪಿಎಂ 7.12' ಎಂದಿತ್ತು. ಸಂಜೆ ಏಳು ಹನ್ನೆರಡು ಎಂದುಕೊಂಡೆ. ಅಲ್ಲಿ ಪಿಎಂ ಅಂದರೆ ಪ್ಲೆನ್ ಮೇರ್, ತುಂಬಿದ ಸಮುದ್ರ. ಬಿಎಂ ಅಂದರೆ ಬಾಸ್ ಮೇರ್, ಇಳಿದ ಸಮುದ್ರ. ಅದು ಬೆಳಿಗ್ಗೆಯ ಏಳು ಹನ್ನೆರಡು. ನನ್ನ ಪುಣ್ಯಕ್ಕೆ ಒಂದು ಉಬ್ಬರದಿಂದ ಇನ್ನೊಂದಕ್ಕೆ ಹನ್ನೆರಡು ತಾಸು ಇಪ್ಪತ್ತೈದು ನಿಮಿಷ. ಹಾಗಾಗಿ ತಪ್ಪಾಗಿದ್ದು ಬರೀ ಇಪ್ಪತ್ತೈದು ನಿಮಿಷ. ಸುಮ್ನೆ ಅದೃಷ್ಟ, ಅಷ್ಟೇ.

ಪಟ್ಟಿ ಓದಲು ಬೇಜಾರಾದರೆ ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ಸಾಕು. ಹುಣ್ಣಿಮೆ, ಅಮಾವಾಸ್ಯೆ ಕಳೆದ ಒಂದೆರಡು ದಿನಕ್ಕೆ ದೊಡ್ಡ ಉಬ್ಬರ. ಆ ದಿನಗಳಲ್ಲಿ ಬೇಸಿಗೆಯ ಗಡಿಯಾರದ ಪ್ರಕಾರ ಸೆಂ ಮಾಲೋದಲ್ಲಿ ಬೆಳಿಗ್ಗೆ ಎಂಟು ಒಂಬತ್ತಕ್ಕೆ ನೀರು ತುಂಬಿರುತ್ತದೆ, ಮಧ್ಯಾಹ್ನ ಮೂರು ನಾಲ್ಕಕ್ಕೆ ಖಾಲಿ. ಅಷ್ಟಮಿ ಕಳೆದ ಒಂದೆರಡು ದಿನಕ್ಕೆ ಉಬ್ಬರ ಸಪ್ಪೆ. ಆಗ ಮಧ್ಯಾಹ್ನದ ಹೊತ್ತಿಗೆ ನೀರು ಹತ್ತಿರ ಇರುತ್ತದೆ, ಈಜಲು ಅರ್ಧ ಮೈಲಿ ನಡೆಯಬೇಕಿಲ್ಲ. ಪಡುವಣ ತುದಿಯ ಬ್ರೆಸ್ಟ್, ದಕ್ಷಿಣ ತೀರದ ಕಿಬೆರೋಂ ಕಡೆ ಇದೆಲ್ಲ ಸುಮಾರು ಎರಡು ತಾಸು ಮೊದಲೇ ಆಗುತ್ತದೆ. ನಿಖರ ನಿಮಿಷಕ್ಕೆ ಪಟ್ಟಿಯೇ ಬೇಕು. ರಜೆ ಯಾವ ವಾರ ಹಾಕಬೇಕು ಎಂದು ನಿರ್ಧರಿಸಲು ಮಾತ್ರ ಅಮ್ಮನ ಕ್ಯಾಲೆಂಡರಿಗೆ ಸಾಟಿ ಇಲ್ಲ.

ಹಾಗಾಗಿ ಮೊದಲ ಆಯ್ಕೆ ಇದು. ಈಜಬೇಕೇ? ಅಷ್ಟಮಿ ವಾರ ನೋಡಿ. ನಡೆಯುವುದು, ದ್ವೀಪ ಸುತ್ತುವುದು, ಕಲ್ಲಿನ ಸಂದಿಯಲ್ಲಿ ಏಡಿ ಹುಡುಕುವುದು ಇಷ್ಟವೇ? ಹುಣ್ಣಿಮೆ ವಾರ.

ಸೆಂ ಮಾಲೋನಾ, ದಿನಾರ್‌ನಾ?

ಪ್ಯಾರಿಸ್‌ನಿಂದ ಬರುವವರಿಗೆ ಎಲ್ಲಕ್ಕಿಂತ ಸುಲಭ ಸೆಂ ಮಾಲೋ. ಮೋಂಪಾರ್ನಾಸ್ ನಿಲ್ದಾಣದಿಂದ ನೇರ ಟಿಜಿವಿ ಎಂಬ ವೇಗದ ರೈಲಿಗೆ ಎರಡೂಕಾಲು ತಾಸಿನ ಆಸುಪಾಸು. ಇಳಿದು ಹತ್ತು ಹದಿನೈದು ನಿಮಿಷ ನಡೆದರೆ ಸಿಯೋಂ ಬೀಚ್. ಸುಮಾರು ಮೂರು ಕಿಲೋಮೀಟರ್ ಉದ್ದ. ಮರಳಿನಲ್ಲಿ ಓಕ್ ಮರದ ದಿಮ್ಮಿಗಳನ್ನು ಸಾಲಾಗಿ ಹುಗಿದಿದ್ದಾರೆ, ಅಲೆಯ ಪೆಟ್ಟು ಗೋಡೆಗೆ ತಗಲದಿರಲಿ ಎಂದು. ದೊಡ್ಡ ಉಬ್ಬರಕ್ಕೆ ಗಾಳಿಯೂ ಸೇರಿದರೆ ಅಲೆ ಆ ದಿಮ್ಮಿಗಳನ್ನೂ ದಾಟಿ, ಗೋಡೆಗೆ ಅಪ್ಪಳಿಸಿ, ರಸ್ತೆಯ ಮೇಲೆ ಮಳೆಯ ಹಾಗೆ ಬೀಳುತ್ತದೆ.

ಮೇಲೆ ಹೇಳಿದ ಈಜುಕೊಳ ಇರುವುದು ಬೋಂ ಸೆಕೂರ್ ಎಂಬ ಪುಟ್ಟ ತೀರದಲ್ಲಿ, ಕೋಟೆಗೆ ಅಂಟಿಕೊಂಡೇ. ಸಮುದ್ರ ಇಳಿದಾಗಲೂ ಈಜಲು ನೀರು ಉಳಿಯಲಿ ಎಂದು 1930ರ ದಶಕದಲ್ಲಿ ಕಟ್ಟಿದ್ದು. ಪ್ರತಿ ಉಬ್ಬರವೂ ಬಂದು ಕೊಳದ ನೀರು ಬದಲಿಸಿ ಹೋಗುತ್ತದೆ. ಮಕ್ಕಳಿದ್ದರೆ ನನ್ನ ಮತ ಸಿಯೋಂಗಿಂತ ಇದಕ್ಕೇ. ಇಲ್ಲಿಂದಲೇ ಗ್ರಾಂ ಬೇ ದ್ವೀಪಕ್ಕೆ ಕಲ್ಲುಹಾಸು ದಾರಿ. ತುದಿಯಲ್ಲಿ ಬರಹಗಾರ ಶಾತೋಬ್ರಿಯಾಂನ ಸಮಾಧಿ ಇದೆ. 1848ರಲ್ಲಿ ತೀರಿಕೊಂಡವನು. ಸಮಾಧಿಯ ಮೇಲೆ ಹೆಸರಿಲ್ಲ, ಎದುರಿಗೆ ಸಮುದ್ರ. ದಾರಿ ಮುಳುಗುವ ಹೊತ್ತು ಫಲಕದಲ್ಲಿ ಬರೆದಿರುತ್ತದೆ. "ಇನ್ನೂ ಪಾದದಷ್ಟೇ ನೀರು, ಓಡಿ ದಾಟೋಣ" ಎಂದು ಹೊರಡಬೇಡಿ. ಸಿಕ್ಕಿಬಿದ್ದರೆ ಮೇಲೆ ಕೂತು ನೀರು ಇಳಿಯುವ ತನಕ ಕಾಯುವುದೇ ಸರಿ.

ಎದುರು ದಡದ ದಿನಾರ್ ಬೇರೆಯದೇ ಗತ್ತು. ಹತ್ತು ನಿಮಿಷದ ದೋಣಿ. ಲೆಕ್ಲೂಸ್ ಬೀಚಿನಲ್ಲಿ ನೀಲಿ ಬಿಳಿ ಪಟ್ಟೆಯ ಗುಡಾರಗಳ ಸಾಲು, ಹಿಂದೆ ಹಳೇ ಶ್ರೀಮಂತರ ಬಂಗಲೆಗಳು. 1920ರ ದಶಕದಲ್ಲಿ ಪಿಕಾಸೊ ಬೇಸಿಗೆಗೆ ಇಲ್ಲಿಗೆ ಬರುತ್ತಿದ್ದ. ಎರಡು ಬದಿಯ ಬಂಡೆಗಳು ತೀರಕ್ಕೆ ಮರೆ ಹಿಡಿದಿರುವುದರಿಂದ ಗಾಳಿ ಕಡಿಮೆ. ವಯಸ್ಸಾದವರನ್ನು ಕುರ್ಚಿಯಲ್ಲಿ ಕೂರಿಸಿ ನಾವು ನೀರಿಗಿಳಿಯಲು ಇದು ಒಳ್ಳೆಯದು. ಅಪ್ಪನಿಗೆ ದಿನಾರ್ ಹಿಡಿಸಿತು. ಅಮ್ಮ ಮಾತ್ರ "ಇಲ್ಲಿ ಎಲ್ಲ ಚೊಕ್ಕ, ಆದ್ರೆ ಅಲ್ಲಿದ್ದಷ್ಟು ಸಮುದ್ರ ಇಲ್ಲ" ಅಂದಳು.

ಎರಡರಲ್ಲೂ ಆಗಸ್ಟ್‌ನಲ್ಲಿ ನೀರು 17, 18 ಡಿಗ್ರಿ ಅಷ್ಟೆ. ಮಲ್ಪೆ, ಮುರುಡೇಶ್ವರದ ಬೆಚ್ಚನೆ ನೀರು ನೆನೆಸಿಕೊಂಡು ಹಾರಿದರೆ ಉಸಿರು ಕಟ್ಟುತ್ತದೆ. ನಿಧಾನಕ್ಕೆ ಇಳಿಯಿರಿ.

ಗುಲಾಬಿ ಬಂಡೆಗಳ ಊರು

ಫೋಟೋಗೆ ಒಂದೇ ಜಾಗ ಹೇಳು ಎಂದರೆ ಪ್ಲುಮನಾಖ್. ಉತ್ತರ ತೀರದಲ್ಲಿ ಪೆರೋಸ್ ಗಿರೆಕ್ ಊರಿಗೆ ಸೇರಿದ್ದು. ಸುಮಾರು 30 ಕೋಟಿ ವರ್ಷ ಹಳೆಯ ಗುಲಾಬಿ ಗ್ರಾನೈಟ್. ಮಳೆ, ಗಾಳಿ, ಉಪ್ಪು ಸೇರಿ ಅದನ್ನು ಉಂಡೆ ಕಟ್ಟಿ, ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ಮಾಡಿವೆ. ಹಂಪಿಯ ಬಂಡೆಗಳನ್ನು ನೋಡಿದವರಿಗೆ ಆಕಾರ ಹೊಸದಲ್ಲ. ಬಣ್ಣ ಹೊಸದು, ಬುಡದಲ್ಲಿ ಸಮುದ್ರ ಇರುವುದು ಹೊಸದು.

ಇಲ್ಲಿ ಸೆಂ ಗಿರೆಕ್ ಎಂಬ ಪುಟ್ಟ ಕೊಲ್ಲಿ ಇದೆ. ಮರಳಿನ ನಡುವೆ ಒಂದು ಬಂಡೆ, ಅದರ ಮೇಲೆ ಸಣ್ಣ ಗುಡಿಯಂಥದ್ದು, ಒಳಗೆ ಸಂತ ಗಿರೆಕ್‌ನ ಮೂರ್ತಿ. ಉಬ್ಬರದಲ್ಲಿ ಸುತ್ತ ನೀರು. ಮದುವೆಯಾಗದ ಹುಡುಗಿಯರು ಸಂತನ ಮೂಗಿಗೆ ಸೂಜಿ ಚುಚ್ಚುತ್ತಿದ್ದರಂತೆ. ಸೂಜಿ ನಿಂತರೆ ವರ್ಷದೊಳಗೆ ಮದುವೆ. ಮರದ ಮೂರ್ತಿಯ ಮೂಗು ಸವೆದು ಹೋಯಿತು, ಆಮೇಲೆ ಕಲ್ಲಿನ ಮೂರ್ತಿ ಇಟ್ಟರು. ಈಗ ಅದರ ಮೂಗೂ ನೆಟ್ಟಗಿಲ್ಲ.

ಪಕ್ಕದ ತ್ರೆಸ್ತ್ರಾವು ಬೀಚ್ ಉದ್ದ, ಅಗಲ, ಹೋಟೆಲು, ಐಸ್‌ಕ್ರೀಮು ಎಲ್ಲ ಉಂಟು. ದಿನವಿಡೀ ಮರಳಲ್ಲಿ ಬಿದ್ದುಕೊಳ್ಳುವವರಿಗೆ ತ್ರೆಸ್ತ್ರಾವು. ನೋಡಲು, ಬಂಡೆ ಸುತ್ತಲು ಸೆಂ ಗಿರೆಕ್. ಒಂದನ್ನು ಆರಿಸಿ ಇನ್ನೊಂದನ್ನು ಬಿಡಬೇಕಿಲ್ಲ. ಎರಡನ್ನೂ ಸೇರಿಸುವುದು ಹಳೇ ಸುಂಕದವರ ಕಾಲುದಾರಿ. ನಿಂತು ನಿಂತು ನಡೆದರೆ ಎರಡು ತಾಸು. ಸಂಜೆ ನಡೆಯಿರಿ. ಜೂನ್ ಕೊನೆಯಲ್ಲಿ ಇಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತು ಗಂಟೆ ದಾಟಿದ ಮೇಲೆ. ಮುಳುಗುವ ಮುಂಚಿನ ಅರ್ಧ ತಾಸು ಬಂಡೆಗಳು ಗುಲಾಬಿಯಿಂದ ಕಾವಿಗೆ ತಿರುಗುತ್ತವೆ. ತ್ರೆಸ್ತ್ರಾವುನಿಂದಲೇ ಸೆಟ್ ಈಲ್ ದ್ವೀಪಗಳ ದೋಣಿ ಹೊರಡುತ್ತದೆ. 1912ರಿಂದ ಅದು ಹಕ್ಕಿಧಾಮ. ದ್ವೀಪದ ಒಂದು ಬದಿ ಗ್ಯಾನೆಟ್ ಹಕ್ಕಿಗಳಿಂದಲೇ ಬೆಳ್ಳಗಾಗಿರುತ್ತದೆ. ದೋಣಿಯಲ್ಲಿ ವಾಂತಿ ಬರುವವರು ದಡದಲ್ಲೇ ಇರಿ.

ಸೆಂ ಗಿರೆಕ್‌ಗೆ ನೀರು ಪೂರ್ತಿ ಇಳಿದಾಗ ಹೋದರೆ ಎದುರಿನ ಕೊಲ್ಲಿ ಬರೀ ಕೆಸರು, ಒರಗಿ ಬಿದ್ದ ದೋಣಿಗಳು. ಅರ್ಧ ಉಬ್ಬರದಲ್ಲಿ ಹೋಗಿ. ಗುಡಿಯ ಬುಡಕ್ಕೆ ನೀರು ಬರುವುದನ್ನು ಕೂತು ನೋಡಿ.

ಕ್ರೋಜೋಂ: ಚೆಂದಕ್ಕೂ ಈಜಿಗೂ ಸಂಬಂಧ ಇಲ್ಲ

ಬ್ರಿಟ್ಟನಿಯ ತುದಿಯಲ್ಲಿ ಶಿಲುಬೆಯಾಕಾರದ ಒಂದು ಭೂಶಿರ ಇದೆ, ಕ್ರೋಜೋಂ. ನನ್ನ ಲೆಕ್ಕದಲ್ಲಿ ಇಡೀ ನಾಡಿನ ಅತಿ ಚೆಂದದ ತೀರಗಳು ಇಲ್ಲಿವೆ. ಜನ ಎಡವುವುದೂ ಇಲ್ಲೇ ಜಾಸ್ತಿ.

ಮೊದಲನೆಯದು ಇಲ್ ವಿಯೆರ್ಜ್. ಹೆಸರಿನಲ್ಲಿ ದ್ವೀಪ ಇದ್ದರೂ ಇದು ಬೆಟ್ಟದ ಬುಡದ ಪುಟ್ಟ ಕೊಲ್ಲಿ. ಹಸಿರುನೀಲಿ ನೀರು, ಬಿಳಿ ಉರುಟು ಕಲ್ಲು, ಮೇಲೆ ಪೈನ್ ಮರಗಳು. ಗ್ರೀಸ್ ದೇಶ ಎಂದು ಹೇಳಿದರೂ ನಂಬಬಹುದು. ಫೋಟೋ ನೋಡಿದವರೆಲ್ಲ ಇದಕ್ಕೇ ಬರುತ್ತಾರೆ. ಬಂಡೆ ಕುಸಿಯುವ ಅಪಾಯ ಇರುವುದರಿಂದ ಕೆಳಗೆ ಇಳಿಯುವುದನ್ನು ಊರಾಡಳಿತ ನಿಷೇಧಿಸಿದೆ. ಬೇಲಿ ಹಾರಿ ಇಳಿಯುವವರು ಇದ್ದೇ ಇರುತ್ತಾರೆ. ಅವರ ಹಿಂದೆ ಹೋಗಬೇಡಿ. ಸೆಂ ಎರ್ನೋ ಕಡೆಯಿಂದ ಮೇಲಿನ ಕಾಲುದಾರಿಯಲ್ಲಿ ನಡೆದರೆ ಇಡೀ ಕೊಲ್ಲಿ ಅಂಗೈಯಲ್ಲಿಟ್ಟ ಹಾಗೆ ಕಾಣುತ್ತದೆ. ಚೆಂದ ಇರುವುದೂ ಮೇಲಿನಿಂದಲೇ.

ಇನ್ನೊಂದು ಮಾತು. ಫೋನಿನ ನಕ್ಷೆಯಲ್ಲಿ ಬರೀ ಹೆಸರು ಹೊಡೆದರೆ ಅದು ನಿಮ್ಮನ್ನು ಉತ್ತರ ತೀರದ ಪ್ಲುಗೆರ್ನೊ ಊರಿಗೆ ಕರೆದೊಯ್ಯಬಹುದು. ಅಲ್ಲಿ ಇದೇ ಹೆಸರಿನ ನಿಜವಾದ ದ್ವೀಪ, 82.5 ಮೀಟರ್ ಎತ್ತರದ ಕಲ್ಲಿನ ದೀಪಸ್ತಂಭ ಇದೆ. ಅದೂ ನೋಡುವಂಥದ್ದೇ. ಆದರೆ ನೀವು ಹುಡುಕಿ ಬಂದ ಕೊಲ್ಲಿ ಅದಲ್ಲ. 'ಕ್ರೋಜೋಂ' ಎಂದು ಜೊತೆಗೆ ಸೇರಿಸಿ.

ಎರಡನೆಯದು ಲಾ ಪಾಲ್ಯು. ಭೂಶಿರದ ಪಡುವಣ ಮಗ್ಗುಲು, ನೇರ ಅಟ್ಲಾಂಟಿಕ್‌ಗೆ ಎದೆಯೊಡ್ಡಿದೆ. ಅಗಲ ಮರಳು, ಮರಳದಿಬ್ಬ, ಹಿಂದೆ ಕುರುಚಲು ಗುಡ್ಡ, ಒಂದು ಅಂಗಡಿಯೂ ಇಲ್ಲ. ನೋಡಿದರೆ ಓಡಿ ಹೋಗಿ ನೀರಿಗೆ ಬೀಳಬೇಕು ಅನಿಸುತ್ತದೆ. ಅಲ್ಲೇ ಫಲಕ: ಸ್ನಾನ ನಿಷೇಧ. ಪಕ್ಕದ ಲೋಸ್ಮಾರ್ಕ್‌ನಲ್ಲೂ, ಕಾಮರೆ ಊರಿನ ಪೆನ್ ಹಾಟ್‌ನಲ್ಲೂ ಅದೇ ಫಲಕ. ಒಳಗೆಳೆಯುವ ಸೆಳೆತ ಬಲವಾಗಿದೆ. ಸರ್ಫ್ ಹಲಗೆ ಹಿಡಿದವರು ಇಳಿಯುತ್ತಾರಲ್ಲ ಎಂದು ಕೇಳಬೇಡಿ. ಅವರಿಗೆ ಆ ನೀರಿನ ಗುಣ ಗೊತ್ತು, ಕಾಲಿಗೆ ಹಲಗೆ ಕಟ್ಟಿಕೊಂಡಿರುತ್ತಾರೆ. ನಾವು ಅಲ್ಲಿ ಮರಳ ಮೇಲೆ ನಡೆದು, ಚಹಾ ಕುಡಿದು ಬಂದೆವು. ಥರ್ಮಾಸ್ ಒಯ್ಯಿರಿ.

ಮೂರನೆಯದು ಮೋರ್ಗಾ. ಕಾರಿನಲ್ಲಿ ಕಾಲು ಗಂಟೆ. ಅದೇ ಭೂಶಿರ, ಬೆನ್ನ ಮೇಲಿನ ಗುಡ್ಡ ಪಡುವಣ ಗಾಳಿಯನ್ನು ತಡೆಯುತ್ತದೆ. ಅರ್ಧಚಂದ್ರದ ಹಾಗೆ ಬಾಗಿದ ತೀರ, ಆಳ ಕಡಿಮೆ, ಅಲೆ ಸಣ್ಣದು. ಈಜಲು, ಕಯಾಕ್ ಹೊಡೆಯಲು, ಬಂಡೆಯ ಗವಿಗಳಿಗೆ ದೋಣಿಯಲ್ಲಿ ಹೋಗಲು ಇಲ್ಲಿಗೇ ಬನ್ನಿ. ಲಾ ಪಾಲ್ಯುನಲ್ಲಿ ಟೋಪಿ ಹಾರಿಹೋದ ದಿನವೇ ಇಲ್ಲಿ ಪುಟ್ಟ ಮಕ್ಕಳು ಮೊಣಕಾಲು ನೀರಿನಲ್ಲಿ ಆಡುತ್ತಿದ್ದರು.

ಹಾಗಾಗಿ ಕ್ರೋಜೋಂಗೆ ಒಂದು ದಿನ ಸಾಲದು. ಒಂದೇ ದಿನ ಇದ್ದರೆ ಹೀಗೆ: ಬೆಳಿಗ್ಗೆ ಇಲ್ ವಿಯೆರ್ಜ್ ಮೇಲಿನ ದಾರಿ, ಮಧ್ಯಾಹ್ನ ಮೋರ್ಗಾದಲ್ಲಿ ಈಜು, ಸೂರ್ಯ ಮುಳುಗುವಾಗ ಲಾ ಪಾಲ್ಯು. ಎರಡು ದಿನ ಇದ್ದರೆ ಆರಾಮ. ಕಾರು ಬೇಕೇ ಬೇಕು.

ಬ್ರೆತೊನ್ ಭಾಷೆಯ ನಾಲ್ಕು ಮಾತು ಗೊತ್ತಿದ್ದರೆ ನಕ್ಷೆಯಲ್ಲೇ ಅರ್ಧ ಆಯ್ಕೆ ಮುಗಿಯುತ್ತದೆ. 'ತ್ರೆಜ್' ಎಂದಿದ್ದರೆ ಮರಳು. 'ಪೋರ್ಜ್' ಎಂದರೆ ದೋಣಿ ನಿಲ್ಲುವ ಕೊಲ್ಲಿ, ಅಂದರೆ ಮರೆ ಇರುತ್ತದೆ. 'ಬೆಗ್' ಎಂದರೆ ಚೂಪು ನೆಲ, ಗಾಳಿ ಗ್ಯಾರಂಟಿ. 'ಎನೆಜ್' ದ್ವೀಪ. ಫ್ರೆಂಚಿನ 'ಗ್ರೆವ್' ಎಂಬ ಹೆಸರು ಕಂಡರೆ ಇಳಿತದಲ್ಲಿ ತುಂಬಾ ದೂರ ನೀರು ಹೋಗುವ ತೀರ ಎಂದುಕೊಳ್ಳಿ.

ದಕ್ಷಿಣ: ಕಿಬೆರೋಂನ ಎರಡು ಮುಖ

ನಿಜವಾಗಿ ಈಜಲು ಬಂದವರಿಗೆ ದಕ್ಷಿಣ ತೀರ. ನೀರು ಒಂದೆರಡು ಡಿಗ್ರಿ ಬೆಚ್ಚಗೆ, 18ರಿಂದ 20. ಉಬ್ಬರವೂ ಸೌಮ್ಯ, ದೊಡ್ಡ ದಿನವೂ ಐದು ಮೀಟರ್ ಆಸುಪಾಸು.

ಕಿಬೆರೋಂ ಹಿಂದೆ ದ್ವೀಪವಾಗಿತ್ತು. ಅಲೆ ತಂದ ಮರಳು ಸೇರಿ ನೆಲಕ್ಕೆ ಅಂಟಿಕೊಂಡಿತು. ಪೆಂತಿಯೆವ್ರ್ ಹತ್ತಿರ ಆ ಮರಳಪಟ್ಟಿ ಎಷ್ಟು ಸಣ್ಣ ಎಂದರೆ ರಸ್ತೆ, ರೈಲು ಹಳಿ ಹಿಡಿಸಿದರೆ ಮುಗಿಯಿತು. ಎರಡೂ ಬದಿ ಸಮುದ್ರ. ಪಡುವಣ ಬದಿಗೆ ಕೋತ್ ಸೊವಾಜ್ ಎಂದು ಹೆಸರು, ಕಾಡು ತೀರ ಎಂದರ್ಥ. ಕರಿಬಂಡೆ, ನೊರೆ, ಪೋರ್ ಬಾರಾದಂಥ ಚೆಂದದ ಕೊಲ್ಲಿಗಳು. ಇಲ್ಲಿ ಈಜುವುದು ನಿಷೇಧ, ಅಪಾಯ. ಮೂಡಣ ಬದಿ ಕೊಲ್ಲಿಯ ಕಡೆ, ಮಲಗಿದ ನೀರು. ಊರಿನ ಗ್ರಾಂದ್ ಪ್ಲಾಜ್ ತೆಂಕಣಕ್ಕೆ ಮುಖ ಮಾಡಿ ಕೂತಿದೆ. ಬೆಳಿಗ್ಗೆ ಪಡುವಣದಲ್ಲಿ ನಡೆದು, ಮಧ್ಯಾಹ್ನ ಮೂಡಣದಲ್ಲಿ ಈಜಿ.

ಜುಲೈ, ಆಗಸ್ಟ್‌ನಲ್ಲಿ ಆ ಒಂದೇ ರಸ್ತೆಯಲ್ಲಿ ಕಾರು ಆಮೆಯಂತೆ ಹೋಗುತ್ತದೆ. ಓರೆ ಎಂಬ ಊರಿನ ರೈಲು ನಿಲ್ದಾಣದಲ್ಲಿ ಕಾರು ಬಿಟ್ಟು 'ತೀರ್ ಬೂಶೋಂ' ಎಂಬ ಬೇಸಿಗೆ ರೈಲು ಹತ್ತಿ. ಹೆಸರಿನ ಅರ್ಥ ಬಾಟಲಿಯ ಬಿರಡೆ ಕೀಳುವ ಸ್ಕ್ರೂ. ಫ್ರೆಂಚಿನಲ್ಲಿ ಬಿರಡೆಗೂ ಟ್ರಾಫಿಕ್ ಜಾಮಿಗೂ ಒಂದೇ ಮಾತು, ತಮಾಷೆ ಅಲ್ಲಿದೆ.

ಪಕ್ಕದ ಕಾರ್ನಾಕ್‌ನ ಬೀಚ್ ಮಕ್ಕಳಿರುವ ಕುಟುಂಬಕ್ಕೆ ಬಹಳ ಸುಲಭ. ಚಪ್ಪಟೆ, ಶಾಂತ, ಸ್ವಲ್ಪ ಸಪ್ಪೆ. ಆದರೆ ಊರ ಹಿಂದೆ ಸುಮಾರು 3,000 ನಿಲಸುಕಲ್ಲುಗಳು ಸಾಲುಗಟ್ಟಿ ನಿಂತಿವೆ. 2025ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿದವು. ಅಮ್ಮನ ತವರು ಹೊಸನಗರದ ಕಡೆ. ಅಲ್ಲಿ ನಿಲಸ್ಕಲ್ ಎಂಬ ಊರೇ ಇದೆ, ಹೆಸರು ಬಂದದ್ದು ಅಲ್ಲಿ ನಿಂತ ಕಲ್ಲುಗಳಿಂದ. ಕಾರ್ನಾಕ್ ನೋಡಿ ಅವಳಿಗೆ ಆಶ್ಚರ್ಯಕ್ಕಿಂತ ಸಿಟ್ಟು ಬಂತು. "ನಮ್ಮಲ್ಲಿ ಇಂಥದ್ದಕ್ಕೆ ಎಮ್ಮೆ ಕಟ್ತಾರೆ" ಅಂದಳು.

ದ್ವೀಪ ಬೇಕು ಅನ್ನುವವರಿಗೆ

ಮೂರರಲ್ಲಿ ಒಂದು ಆರಿಸಿ, ಮೂರನ್ನೂ ಒಂದೇ ರಜೆಗೆ ತುರುಕಬೇಡಿ.

ಗ್ಲೆನಾಂ: ಬೆನೊದೆ, ಕೋಂಕಾರ್ನೊ ಮೊದಲಾದ ಊರುಗಳಿಂದ ಸುಮಾರು ಒಂದು ತಾಸು ದೋಣಿ. ಬಿಳಿ ಮರಳು, ತಿಳಿ ನೀರು. ಇಳಿತದಲ್ಲಿ ಸೆಂ ನಿಕೊಲಾ ಮತ್ತು ಬನಾನೆಕ್ ದ್ವೀಪಗಳ ನಡುವೆ ಮರಳಿನ ದಾರಿ ಏಳುತ್ತದೆ. ಬಣ್ಣ ಲಕ್ಷದ್ವೀಪದ್ದು, ತಂಪು ಅಟ್ಲಾಂಟಿಕ್‌ನದ್ದು. ಮರ ಇಲ್ಲ, ನೆರಳಿಲ್ಲ. ಟೋಪಿ, ನೀರು, ತಿಂಡಿ ಕಟ್ಟಿಕೊಂಡು ಹೋಗಿ. 1947ರಲ್ಲಿ ಶುರುವಾದ ಹೆಸರುವಾಸಿ ಹಾಯಿದೋಣಿ ಶಾಲೆ ಇರುವುದೂ ಇಲ್ಲೇ.

ಗ್ರ್ವಾ: ಲೋರಿಯಾಂನಿಂದ ಮುಕ್ಕಾಲು ತಾಸಿನ ಆಸುಪಾಸು. ಬೀಚುಗಳೆಲ್ಲ ಒಳಕ್ಕೆ ಬಾಗಿರುತ್ತವೆ ಅಲ್ವಾ? ಇಲ್ಲಿಯ ಗ್ರಾಂ ಸಾಬ್ಲ್ ಹೊರಕ್ಕೆ ಉಬ್ಬಿದೆ, ಹೊಟ್ಟೆಯ ಹಾಗೆ. ಯುರೋಪಿನಲ್ಲಿ ಇಂಥದ್ದು ಅಪರೂಪ. ಸೆಳೆತಕ್ಕೆ ಸಿಕ್ಕಿ ವರ್ಷದಿಂದ ವರ್ಷಕ್ಕೆ ಜಾಗವನ್ನೂ ಬದಲಿಸುತ್ತದೆ. ಇನ್ನೊಂದು ತೀರದಲ್ಲಿ ಮರಳು ಕೆಂಪು. ಅಂಗೈಯಲ್ಲಿ ಹರಡಿ ನೋಡಿದರೆ ಗಾರ್ನೆಟ್ ಕಲ್ಲಿನ ಪುಡಿ ಮಿಣುಕುತ್ತದೆ. ನೋಡಿ ಅಲ್ಲೇ ಬಿಡಿ, ಒಯ್ಯುವ ಹಾಗಿಲ್ಲ. ಸೈಕಲ್ ಬಾಡಿಗೆಗೆ ಸಿಗುತ್ತದೆ. ನನ್ನ ಮೆಚ್ಚಿನದು ಇದೇ.

ಬೆಲ್ ಈಲ್: ಹೆಸರೇ 'ಚೆಂದದ ದ್ವೀಪ'. ಕಿಬೆರೋಂನಿಂದ ಹಡಗು. ದೊಡ್ಡದು, ಒಂದು ರಾತ್ರಿ ಉಳಿಯದೆ ಅರ್ಥವಿಲ್ಲ. 1886ರಲ್ಲಿ ಚಿತ್ರಕಾರ ಮೋನೆ ಬಂದು ಪೋರ್ ಕೋತೋಂನ ಸೂಜಿಬಂಡೆಗಳನ್ನು ಮತ್ತೆ ಮತ್ತೆ ಚಿತ್ರಿಸಿದ. ಅಲೆ ಬೇಕಾದರೆ ದೋನಾಂ ಬೀಚ್, ಶಾಂತ ನೀರು ಬೇಕಾದರೆ ಮೂಡಣದ ಗ್ರಾಂ ಸಾಬ್ಲ್. ಗ್ರ್ವಾದಲ್ಲೂ ಅದೇ ಹೆಸರು, ಗೊಂದಲ ಬೇಡ.

ಯಾರೂ ಮೊದಲೇ ಹೇಳದ ಸಂಗತಿಗಳು

ಹಸಿರು ಪಾಚಿ. ಸೆಂ ಬ್ರಿಯೋ ಕೊಲ್ಲಿ, ಸೆಂ ಮಿಶೆಲ್ ಆಂ ಗ್ರೆವ್, ದ್ವಾರ್ನನೆ ಕೊಲ್ಲಿಯ ಕೆಲವು ಭಾಗಗಳಲ್ಲಿ ಬೇಸಿಗೆಗೆ ಇದು ರಾಶಿ ಬೀಳುತ್ತದೆ. ಹಂದಿ, ಕೋಳಿ, ದನ ಸಾಕಣೆಯ ಗೊಬ್ಬರದ ನೈಟ್ರೇಟ್ ಹೊಳೆ ಸೇರಿ ಕಡಲಿಗೆ ಬರುವುದೇ ಕಾರಣ. ಕೊಳೆತರೆ ಹೈಡ್ರೋಜನ್ ಸಲ್ಫೈಡ್ ಅನಿಲ. 2009ರಲ್ಲಿ ಸೆಂ ಮಿಶೆಲ್ ಆಂ ಗ್ರೆವ್‌ನಲ್ಲಿ ಒಂದು ಕುದುರೆ ಸತ್ತಿತು. ಕೊಳೆತ ಮೊಟ್ಟೆ ವಾಸನೆ ಬಂದರೆ, ಪಾಚಿಯ ಮೇಲೆ ಬೆಳ್ಳಗೆ ಒಣಗಿದ ಪದರ ಕಂಡರೆ ಅದರ ಮೇಲೆ ಕಾಲಿಡಬೇಡಿ. ಮುಂದಿನ ತೀರಕ್ಕೆ ಹೋಗಿ.

ವೀವ್ ಮೀನು. ಇಳಿತದ ಮರಳಲ್ಲಿ ಹುದುಗಿ ಮಲಗಿರುತ್ತದೆ, ಬೆನ್ನಿನಲ್ಲಿ ವಿಷದ ಮುಳ್ಳು. ತುಳಿದರೆ ಚೇಳು ಕುಟುಕಿದ ಹಾಗೆ. ಸಹಿಸುವಷ್ಟು ಬಿಸಿ ನೀರಿನಲ್ಲಿ ಕಾಲಿಟ್ಟರೆ ನೋವು ಇಳಿಯುತ್ತದೆ. ರಬ್ಬರ್ ಚಪ್ಪಲಿ ಹಾಕಿಕೊಂಡು ನೀರಿಗಿಳಿದರೆ ಈ ತಾಪತ್ರಯವೇ ಇಲ್ಲ.

ಕಾವಲು. ಲೈಫ್‌ಗಾರ್ಡ್‌ಗಳು ಮುಖ್ಯವಾಗಿ ಜುಲೈ, ಆಗಸ್ಟ್‌ನಲ್ಲಿ ಮಾತ್ರ. ಅರ್ಧ ಕೆಂಪು ಅರ್ಧ ಹಳದಿ ಬಾವುಟಗಳ ನಡುವೆ ಈಜಿ. ಕಡಲಲ್ಲಿ ಯಾರಾದರೂ ಸಿಕ್ಕಿಬಿದ್ದರೆ 196 ಒತ್ತಿ. ಸೆಪ್ಟೆಂಬರ್‌ನಲ್ಲಿ ಜನ ಖಾಲಿ, ನೀರು ಇನ್ನೂ ತಣ್ಣಗಾಗಿರುವುದಿಲ್ಲ, ಬಾಡಿಗೆ ಕಡಿಮೆ. ಕಾವಲು ಇಲ್ಲ ಎಂಬುದನ್ನು ನೆನಪಿಡಿ.

ಊಟ. ಸಸ್ಯಾಹಾರಿಗಳು ಉಪವಾಸ ಇರಬೇಕಿಲ್ಲ. ಗಾಲೆತ್ ಎಂಬ ಕಪ್ಪಗಿನ ದೋಸೆ ಎಲ್ಲ ಕಡೆ ಸಿಗುತ್ತದೆ. ಬಕ್‌ವೀಟ್ ಹಿಟ್ಟಿನದು, ಉತ್ತರ ಭಾರತದವರು ಉಪವಾಸಕ್ಕೆ ತಿನ್ನುವ ಕುಟ್ಟು ಅದೇ. ಮಾಮೂಲಿ 'ಕೋಂಪ್ಲೆತ್' ಕೇಳಿದರೆ ಮೊಟ್ಟೆ, ಚೀಸ್ ಜೊತೆ ಹಂದಿ ಮಾಂಸವೂ ಬರುತ್ತದೆ. "ಸಾಂ ಜಾಂಬೋಂ" ಅನ್ನಿ. ಮೊಟ್ಟೆಯೂ ಬೇಡವಾದರೆ "ಸಾಂ ಯೆಫ್". ಅಪ್ಪ ಅಣಬೆ, ಚೀಸ್ ಹಾಕಿಸಿಕೊಂಡು ಎರಡು ತಿಂದು, ಚಟ್ನಿ ಇಲ್ಲ ಎಂದು ಗೊಣಗಿದರು. ದ್ವಾರ್ನನೆಯ ಕುಯಿನ್ ಅಮಾನ್ ಎಂಬ ಸಿಹಿ ಬಿಡಬೇಡಿ. ಬೆಣ್ಣೆ, ಸಕ್ಕರೆ, ನಡುವೆ ಹೆಸರಿಗೆ ಒಂದಿಷ್ಟು ಹಿಟ್ಟು.

ಕೊನೆಗೆ ಎಲ್ಲಿಗೆ?

ಕಾರಿಲ್ಲ, ಮೂರೇ ದಿನ: ಸೆಂ ಮಾಲೋದಲ್ಲಿ ಉಳಿಯಿರಿ, ಒಂದು ಮಧ್ಯಾಹ್ನ ದಿನಾರ್. ಪುಟ್ಟ ಮಕ್ಕಳಿದ್ದಾರೆ, ಒಂದು ವಾರ: ಕಾರ್ನಾಕ್, ಕಿಬೆರೋಂ. ನಡೆಯುವ ಕಾಲು, ಕಾರು ಎರಡೂ ಇವೆ: ಪ್ಲುಮನಾಖ್‌ನಲ್ಲಿ ಎರಡು ರಾತ್ರಿ, ಕ್ರೋಜೋಂನಲ್ಲಿ ಮೂರು. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಮೆಟ್ಟಿಲು ಇಳಿಯಬೇಕಾದ ಕೊಲ್ಲಿಗಳನ್ನು ಬಿಟ್ಟು ಮೋರ್ಗಾ ಅಥವಾ ದಿನಾರ್. ಗೆಳೆಯರ ಗುಂಪು, ಒಂದೇ ದಿನ, ಲೋರಿಯಾಂ ಹತ್ತಿರ ಇದ್ದೀರಿ: ಗ್ರ್ವಾ, ಸೈಕಲ್. ಆಗಸ್ಟ್‌ನಲ್ಲಿ ದ್ವೀಪದ ಹಡಗಿಗೆ ಟಿಕೆಟ್ ಮೊದಲೇ ತೆಗೆದಿಡಿ, ಬೆಳಗಿನದೇ ಇರಲಿ. ಮರಳುವ ಕೊನೇ ಹಡಗಿನ ಹೊತ್ತು ಕೈ ಮೇಲೆ ಬರೆದುಕೊಂಡರೂ ತಪ್ಪಿಲ್ಲ. ಅದು ಉಬ್ಬರದ ಹಾಗಲ್ಲ, ಹನ್ನೆರಡು ತಾಸು ಇಪ್ಪತ್ತೈದು ನಿಮಿಷಕ್ಕೆ ಮತ್ತೆ ಬರುವುದಿಲ್ಲ.